ಜ್ವರ ಬಿಟ್ಟ ರಾತ್ರಿ

ಮೂರು ದಿನ ಕಾಡಿದ ಜ್ವರ ಬಿಟ್ಟು ಮಗಳು ಇವತ್ತು ಗಂಜಿ ಕುಡಿದು ಮಲಗಿದ್ದಾಳೆ. ನನಗೇ ನಿದ್ದೆ ಬರಲಿಲ್ಲ. ಸೊಳ್ಳೆಯಿಂದ ಹರಡುವ ಝೀಕಾ ವೈರಸ್ ಬಗ್ಗೆ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದುತ್ತ ಕುಳಿತೆ.

ಹುಟ್ಟಿ ಕೆಲವೇ ವಾರಗಳಾಗಿದ್ದ ರೀಸಸ್ ಕೋತಿಮರಿಗಳಿಗೆ ಅವರು ಸೋಂಕು ತಗುಲಿಸಿದ್ದರು. ವೈರಸ್ ರಕ್ತದಿಂದ ಮಾಯವಾಯಿತು. ಆದರೆ ತಿಂಗಳುಗಳ ನಂತರ ಸ್ಕ್ಯಾನ್ ಮಾಡಿದಾಗ, ಎರಡು ಮರಿಗಳ ಮಿದುಳಿನೊಳಗೆ ದ್ರವ ತುಂಬಿರುವ ಕುಹರಗಳು ಹಿಗ್ಗಿಯೇ ಇದ್ದವು. ಭಯವನ್ನು ಗುರುತಿಸುವ ಅಮಿಗ್ಡಾಲ ಮತ್ತು ನೆನಪನ್ನು ಕಟ್ಟುವ ಹಿಪೊಕ್ಯಾಂಪಸ್ ನಡುವಿನ ಸಂಪರ್ಕ ದುರ್ಬಲವಾಗಿತ್ತು. ಒತ್ತಡದ ಗಳಿಗೆಯಲ್ಲಿ ಅವು ಬೇರೆ ಮರಿಗಳಂತೆ ವರ್ತಿಸಲಿಲ್ಲ.

ಗರ್ಭದಲ್ಲಿರುವ ಶಿಶುವಿಗೆ ಮಾತ್ರ ಝೀಕಾ ಅಪಾಯ ಎಂದುಕೊಂಡಿದ್ದೆ. ಹುಟ್ಟಿದ ಮೇಲೂ ಮಿದುಳು ಇನ್ನೂ ಬೆಳೆಯುತ್ತಲೇ ಇರುತ್ತದೆ ಎಂಬುದು ಗೊತ್ತಿದ್ದೂ ಮರೆತಿದ್ದೆ. ಆ ಮರಿಗಳನ್ನು ನೆನೆದು ಸಂಕಟವಾಯಿತು. ಅವು ಕೊಟ್ಟ ತಿಳಿವಳಿಕೆಯ ಋಣ ನಮ್ಮ ಮಕ್ಕಳ ಮೇಲಿದೆ.

ಈ ವೈರಸ್ ಮೊದಲು ಸಿಕ್ಕಿದ್ದೂ ಒಂದು ರೀಸಸ್ ಕೋತಿಯಲ್ಲೇ. 1947ರಲ್ಲಿ, ಉಗಾಂಡದ ಝೀಕಾ ಕಾಡಿನಲ್ಲಿ, ಹಳದಿ ಜ್ವರದ ಸುಳಿವಿಗಾಗಿ ಪಂಜರದಲ್ಲಿಟ್ಟಿದ್ದ ಕೋತಿ ಅದು. ಅದಕ್ಕೂ ಜ್ವರ ಬಂದಿತ್ತು.