ಮಘಾದಿಂದ ಸ್ವಾತಿವರೆಗೆ: ಕಾಂಗ್ರೆಸ್ ಕಸ ಮತ್ತು ನನ್ನ ಮೂಗು

ಮಘಾ ಮಳೆ

ಈ ವರ್ಷ ಸೀನು ಶುರುವಾಗುವ ಮುಂಚೆಯೇ ಕೆಲಸಕ್ಕೆ ಇಳಿದಿದ್ದೇನೆ. ನಮ್ಮ ಮೈಂದರ್ಗಿ ಕಡೆ ಗಣಪತಿ ಹಬ್ಬದಿಂದ ದೀಪಾವಳಿವರೆಗೆ ನನಗೆ ಒಂದೇ ಗೋಳು. ಮೂಗು ಸೋರುತ್ತದೆ, ಕಣ್ಣು ತುರಿಸುತ್ತದೆ, ರಾತ್ರಿ ಬಾಯಿ ತೆರೆದೇ ಮಲಗಬೇಕು. ಬೇಸಿಗೆಯಲ್ಲಿ ಸೊಲ್ಲಾಪುರಕ್ಕೆ ಹೋಗಿ ಮೂಗಿನ ಡಾಕ್ಟರ ಹತ್ತಿರ ಅಲರ್ಜಿ ಪರೀಕ್ಷೆ ಮಾಡಿಸಿದೆ. ಮುಂಗೈ ಮೇಲೆ ಸಾಲಾಗಿ ಹನಿ ಇಟ್ಟು, ಒಂದೊಂದರ ಮೇಲೂ ಸೂಜಿಯಿಂದ ಸಣ್ಣಗೆ ಚುಚ್ಚಿದರು. ಕಾಲು ಗಂಟೆಯೊಳಗೆ ಒಂದು ಹನಿಯ ಜಾಗ ಸೊಳ್ಳೆ ಕಡಿದ ಹಾಗೆ ಉಬ್ಬಿ, ಸುತ್ತ ಕೆಂಪಾಯಿತು. ಅದು ಪಾರ್ಥೇನಿಯಂ. ಅಂದ್ರೆ ನಮ್ಮ ಕಾಂಗ್ರೆಸ್ ಕಸ.

ಹಾಗಾಗಿ ಎರಡು ಕೆಲಸ ಒಟ್ಟಿಗೆ ನಡೆಸುವುದು ಎಂದು ಗೊತ್ತುಮಾಡಿಕೊಂಡೆ. ಡಾಕ್ಟರು ಬರೆದುಕೊಟ್ಟ ಮೂಗಿನ ಸ್ಪ್ರೇಯನ್ನು ಹೂವಿನ ಕಾಲಕ್ಕೆ ಎರಡು ವಾರ ಮುಂಚೆಯೇ ಶುರು ಮಾಡುವುದು. ಮನೆ ಸುತ್ತಲಿನ ಕಸವನ್ನು ಅದು ಹೂ ಬಿಡುವ ಮುಂಚೆ ಕೀಳುವುದು. ಜೊತೆಗೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಸೀನು, ಮೂಗು, ಕಣ್ಣು, ನಿದ್ದೆ ನಾಲ್ಕಕ್ಕೂ ರಾತ್ರಿ 0 ರಿಂದ 3ರವರೆಗೆ ಅಂಕ ಕೊಡುತ್ತೇನೆ. 0 ಅಂದ್ರೆ ತೊಂದರೆ ಇಲ್ಲ, 3 ಅಂದ್ರೆ ತೀರಾ ಜಾಸ್ತಿ.

ಹುಬ್ಬಾ ಮಳೆ

ಕೀಳುವ ಕೆಲಸಕ್ಕೆ ಮಳೆ ಬಂದ ಮರುದಿನವೇ ಸರಿ. ನಮ್ಮದು ಎರೆಮಣ್ಣು, ಒಣಗಿದರೆ ಗಿಡ ನಡುವೆಯೇ ಮುರಿಯುತ್ತದೆ, ಉಳಿದ ಬುಡ ಮತ್ತೆ ಚಿಗುರುತ್ತದೆ. ಹಸಿ ಇದ್ದಾಗ ಬುಡಕ್ಕೆ ಕುರ್ಪಿ ಹಾಕಿ ಎತ್ತಿದರೆ ತಾಯಿಬೇರಿನ ಸಮೇತ ಬರುತ್ತದೆ. ತುಂಬು ತೋಳಿನ ಅಂಗಿ, ರಬ್ಬರ್ ಕೈಗವಸು, ಮಾಸ್ಕ್ ಬೇಕೇ ಬೇಕು. ಈ ಗಿಡದ ರಸ, ರೋಮ ತಾಗಿದರೆ ಕೆಲವರಿಗೆ ಚರ್ಮವೇ ಒಡೆದು ನೀರು ಸುರಿಯುತ್ತದೆ. ಮಕ್ಕಳ ಕೈಯಲ್ಲಿ ಕೀಳಿಸುವುದಂತೂ ತಪ್ಪು.

ಅವ್ವ ಅಂಗಳದಲ್ಲಿ ನಿಂತು ಕೇಳಿದಳು, "ಓಣಿ ತುಂಬಾ ಕಸ ಐತಿ, ನೀ ಒಬ್ಬಾಂವ ಕಿತ್ತರ ಮೂಗು ನೆಟ್ಟಗಾಗ್ತದೇನಪ್ಪಾ?" ಸರಿಯಾದ ಪ್ರಶ್ನೆ. ಗಾಳಿಗೆ ಬೇಲಿ ಇಲ್ಲ. ಆದರೆ ಮೂಗು ಕೆಣಕುವ ಹೂವಿನ ಪುಡಿ (ಪರಾಗ) ಕಿಟಕಿ ಕೆಳಗಿನ ಗಿಡದಿಂದ ಹಾಸಿಗೆಗೆ ಬರುವುದು ಜಾಸ್ತಿ, ಅಕ್ಕಲಕೋಟ ರಸ್ತೆಯದ್ದು ಅಷ್ಟು ಬರುವುದಿಲ್ಲ. ಚೆನ್ನಾಗಿ ಬೆಳೆದ ಒಂದೇ ಗಿಡ 10,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಕಿತ್ತದ್ದೆಲ್ಲ ಮುಂದಿನ ವರ್ಷಕ್ಕೂ ಲೆಕ್ಕಕ್ಕೆ ಬರುತ್ತದೆ.

ಹೂ ಬಾರದ ಗಿಡಗಳನ್ನು ಸಗಣಿ ಜೊತೆ ತಿಪ್ಪೆಗುಂಡಿಗೆ ಹಾಕಿ ಮಣ್ಣು ಮುಚ್ಚಿದ್ದೇನೆ. ಸುಡಲಿಲ್ಲ, ಆ ಹೊಗೆ ಮೂಗಿಗೆ ಇನ್ನೂ ಕೆಟ್ಟದ್ದು. ಉಪ್ಪು ನೀರು ಹೊಡಿ ಎಂದೂ ಕೆಲವರು ಹೇಳಿದರು. ಗಿಡ ಸಾಯುತ್ತದೆ ನಿಜ, ಆದರೆ ಹಿತ್ತಲಲ್ಲಿ ಬದನೆ, ಮೆಣಸಿನ ಗಿಡ ಇರುವಾಗ ಮಣ್ಣಿಗೆ ಉಪ್ಪು ಸುರಿಯಲು ನನಗೆ ಮನಸ್ಸಿಲ್ಲ.

ಉತ್ತರಾ ಮಳೆ

ರಸ್ತೆ ಬದಿ ಬಿಳಿ ಹೂ ಬಂದಿದೆ. ಸೀನು 1, ಕಣ್ಣು 1. ಹೋದ ವರ್ಷ ಇದೇ ಹೊತ್ತಿಗೆ ಕರವಸ್ತ್ರ ಕೈ ಬಿಟ್ಟಿರಲಿಲ್ಲ. ಸ್ಪ್ರೇಯನ್ನು ಬಲ ಮೂಗಿಗೆ ಎಡಗೈಯಿಂದ, ಎಡ ಮೂಗಿಗೆ ಬಲಗೈಯಿಂದ ಹೊಡೆಯುತ್ತೇನೆ. ಹಾಗೆ ಮಾಡಿದರೆ ಔಷಧಿ ನಡುಗೋಡೆಗೆ ಬೀಳದೆ ಪಕ್ಕಕ್ಕೆ ಹೋಗುತ್ತದೆ, ರಕ್ತ ಬರುವುದು ಕಡಿಮೆ. ಮೂಗು ಚೆನ್ನಾಗಿದೆ ಎಂದು ನಡುವೆ ಬಿಡುವ ಹಾಗಿಲ್ಲ. ಇದು ದಿನಾ ಹಾಕಿದರೇ ಕೆಲಸ ಮಾಡುವ ಔಷಧಿ.

ಹಸ್ತಾ ಮಳೆ

ಈ ವಾರ ಕಂಡದ್ದನ್ನು ಬರೆಯಲೇಬೇಕು. ಹಾಳುಬಾವಿ ಪಕ್ಕದ ಕಸದಲ್ಲಿ ಎಲೆಗಳೇ ಇಲ್ಲ, ಬರೀ ನರ. ಬಗ್ಗಿ ನೋಡಿದರೆ ಕಡಲೆಕಾಳಿಗಿಂತ ಚಿಕ್ಕ ಹುಳ, ಕೆನೆ ಬಣ್ಣದ ಬೆನ್ನ ಮೇಲೆ ಕಂದು ಗೆರೆ. ಅಲ್ಲಲ್ಲಿ ಉಳಿದ ಎಲೆ ಅಡಿಯಲ್ಲಿ ಹಳದಿ ಮೊಟ್ಟೆ. ಮೆಕ್ಸಿಕನ್ ಬೀಟಲ್! ಈ ಕಸವನ್ನು ತಿನ್ನಿಸಲೆಂದೇ ಮೆಕ್ಸಿಕೋದಿಂದ ತರಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಹುಳದ ಸಂತತಿ ಇದು. ಕಸವೂ ಅದೇ ಅಮೆರಿಕ ಖಂಡದ್ದೇ. ಪುಣೆಯಲ್ಲಿ 1950ರ ದಶಕದಲ್ಲಿ ಕಣ್ಣಿಗೆ ಬಿದ್ದು, ಆಮೇಲೆ ದೇಶವನ್ನೇ ತುಂಬಿತು. ಹುಳ ಇರುವ ಆ ತುಂಡು ಜಾಗವನ್ನು ನಾನು ಮುಟ್ಟುವುದಿಲ್ಲ. ಅಲ್ಲಿಯದನ್ನು ಕಿತ್ತರೆ ಅವು ತಿನ್ನುವುದೇನನ್ನು?

ಚಿತ್ತಾ ಮಳೆ

ಮಳೆ ಇಲ್ಲ, ಒಣ ಗಾಳಿ. ಸೀನು 2ಕ್ಕೆ ಏರಿತು. ನೋಟ್‌ಬುಕ್ ತಿರುವಿದಾಗ ಒಂದು ವಿಷಯ ಸ್ಪಷ್ಟವಾಯಿತು. ಮಳೆ ಬಿದ್ದ ದಿನ ಅಂಕ ಇಳಿಯುತ್ತದೆ, ಬಿಸಿಲು ಬಿದ್ದು ಗಾಳಿ ಎದ್ದ ದಿನ ಏರುತ್ತದೆ. ಅದಕ್ಕೆ ಬೆಳಗ್ಗೆ ಕಿಟಕಿ ಮುಚ್ಚಿಡುತ್ತೇವೆ. ಬೇಲಿ ಬದಿಯ ಹಗ್ಗದ ಮೇಲೆ ಒಣಗುತ್ತಿದ್ದ ಬಟ್ಟೆ, ದಿಂಬಿನ ಚೀಲ ಈಗ ಮನೆಯೊಳಗೇ ಒಣಗುತ್ತವೆ. ಹೊಲದಿಂದ ಬಂದ ಮೇಲೆ ತಲೆಗೂ ನೀರು ಹಾಕಿಕೊಳ್ಳುತ್ತೇನೆ. ಕುದಿಸಿ ಆರಿಸಿದ ಉಪ್ಪು ನೀರಿನಿಂದ ಮೂಗು ತೊಳೆಯುವುದೂ ಹಿತ ಅನಿಸಿದೆ. ನಲ್ಲಿ ನೀರನ್ನು ಮಾತ್ರ ಹಾಗೇ ಬಳಸಬಾರದು.

ಎದೆಯಲ್ಲಿ ಸುಂಯ್ ಸದ್ದು ಬಂದರೆ ಕಾಯದೆ ಬಾ ಎಂದು ಡಾಕ್ಟರು ಹೇಳಿದ್ದಾರೆ. ಈ ಸಲ ಹಾಗೇನೂ ಆಗಿಲ್ಲ.

ಸ್ವಾತಿ ಮಳೆ

ಹಿಂಗಾರಿ ಜೋಳ ಮೊಳಕೈ ಎತ್ತರ ಬಂದಿದೆ. ನಿದ್ದೆಯ ಸಾಲಿನಲ್ಲಿ ಈ ವಾರ ಎಲ್ಲ 0. ಕಸ ಒಣಗುವವರೆಗೆ ಸ್ಪ್ರೇ ನಡೆಯುತ್ತದೆ. ಈಗ ತಗಚೆ ಬೀಜ ಕೂಡಿಸುತ್ತಿದ್ದೇನೆ. ತಗಚೆ ದಟ್ಟವಾಗಿ ಎದ್ದರೆ ಕಾಂಗ್ರೆಸ್ ಕಸಕ್ಕೆ ಜಾಗ ಸಿಗುವುದಿಲ್ಲ. ಉದ್ದನೆಯ ಕಾಯಿ ಒಡೆದು ಬಿಸಿಲಿಗೆ ಹಾಕಿದ್ದೇನೆ, ರೋಹಿಣಿ ಮಳೆಗೆ ಮುಂಚೆ ರಸ್ತೆ ಬದಿ ಚೆಲ್ಲಬೇಕು. ಪಕ್ಕದ ಮನೆ ಕಾಕಾ ತಮ್ಮ ಬೇಲಿಗೂ ಕೇಳಿದ್ದಾರೆ. ಅವರ ಪಾಲನ್ನು ಬೇರೆ ಚೀಲದಲ್ಲಿ ಕಟ್ಟಿಟ್ಟಿದ್ದೇನೆ.