ಮಾರ್ಚ್ ತಿಂಗಳಿಗೆ ಯಾವ ಹಾಡು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಸಂಕ್ರಾಂತಿ ಕಳೆಯುತ್ತಿದ್ದಂತೆ ಜಪಾನಿನಲ್ಲಿ ನೆಲೆಸಿರುವ ಕನ್ನಡಿಗ ತಾಯಂದಿರಿಂದ ನನಗೆ ಒಂದೇ ಬಗೆಯ ಕರೆಗಳು ಬರತೊಡಗುತ್ತವೆ. "ಅಕ್ಕಾ, ಮಗನ ಶಾಲೆಯ ಬೀಳ್ಕೊಡುಗೆ ಸಮಿತಿಗೆ ನನ್ನನ್ನೂ ಸೇರಿಸಿದ್ದಾರೆ, ಮಕ್ಕಳ ಮನಸ್ಸಿಗೆ ನಾಟುವಂಥ ಒಂದು ಜಪಾನೀ ಹಾಡು ಹೇಳಿ." ನನ್ನ ಇಬ್ಬರು ಮಕ್ಕಳೂ ಇಲ್ಲಿನ ಸರ್ಕಾರಿ ಶಾಲೆಗಳಲ್ಲೇ ಓದಿದವರಾದ್ದರಿಂದ ಈ ಪ್ರಶ್ನೆಯನ್ನು ನಾನೂ ಎದುರಿಸಿದ್ದೇನೆ, ಒಮ್ಮೆ ತಪ್ಪು ಉತ್ತರವನ್ನೂ ಕೊಟ್ಟಿದ್ದೇನೆ. ಈಗ ಹಾಡಿನ ಹೆಸರು ಹೇಳುವುದಕ್ಕೆ ಮೊದಲು ನಾನು ಒಂದು ಮಾತು ಕೇಳುತ್ತೇನೆ: ಆ ಹಾಡಿನಲ್ಲಿ ಯಾರು, ಯಾರಿಗೆ ಮಾತನಾಡುತ್ತಿದ್ದಾರೆ?

ಇಲ್ಲಿ ಶಾಲಾ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗಿ ಮಾರ್ಚ್‌ನಲ್ಲಿ ಮುಗಿಯುತ್ತದೆ. ಆರು ವರ್ಷದ ಪ್ರಾಥಮಿಕ ಶಾಲೆ, ಮೂರು ವರ್ಷದ ಮಾಧ್ಯಮಿಕ ಶಾಲೆ, ಮತ್ತೆ ಮೂರು ವರ್ಷದ ಪ್ರೌಢಶಾಲೆ ಇವುಗಳಲ್ಲಿ ಪ್ರತಿಯೊಂದರ ಕೊನೆಗೂ 'ಸೊತ್ಸುಗ್ಯೋಷಿಕಿ' ಎಂಬ ಸಮಾರಂಭವಿರುತ್ತದೆ. ನಮ್ಮ ಎಸ್ಸೆಸ್ಸೆಲ್ಸಿ ಬೀಳ್ಕೊಡುಗೆಯಲ್ಲಿ ಆಟೋಗ್ರಾಫ್ ಪುಸ್ತಕಕ್ಕೆ ಇರುವ ಸ್ಥಾನ ಇಲ್ಲಿ ಸಾಮೂಹಿಕ ಗಾಯನಕ್ಕಿದೆ. ಇಡೀ ತರಗತಿ ಎದ್ದು ನಿಂತು ಹಾಡುವ ಆ ನಾಲ್ಕೈದು ನಿಮಿಷಗಳಿಗಾಗಿಯೇ ಪೋಷಕರು ಮನೆಯಿಂದ ತಂದ ಚಪ್ಪಲಿ ಮೆಟ್ಟಿಕೊಂಡು, ತಣ್ಣನೆಯ ವ್ಯಾಯಾಮಶಾಲೆಯಲ್ಲಿ ಎರಡು ಗಂಟೆ ಕುಳಿತಿರುತ್ತಾರೆ.

ಹಿಂದಿನ ತಲೆಮಾರಿನವರಿಗೆ ಈ ಸಮಾರಂಭವೆಂದರೆ 'ಅಓಗೆಬ ತೋತೊಶಿ' ಹಾಡು. 1884ರ ಶಾಲಾ ಗೀತೆಗಳ ಪುಸ್ತಕದಲ್ಲಿ ಅಚ್ಚಾದ ಈ ಹಾಡಿನಲ್ಲಿ ಶಿಷ್ಯರು ಗುರುವಿನ ಋಣವನ್ನು ನೆನೆಯುತ್ತಾರೆ. ಇದರ ಧಾಟಿ 1871ರಲ್ಲಿ ಪ್ರಕಟವಾದ ಅಮೆರಿಕದ ಒಂದು ಶಾಲಾ ಗೀತೆಯದು ಎಂಬುದು ಪತ್ತೆಯಾದದ್ದು 2011ರಲ್ಲಿ. ಧಾಟಿ ಇಂದಿಗೂ ಗಂಭೀರವಾಗಿದೆ, ಆದರೆ ಭಾಷೆ ಮಕ್ಕಳಿಂದ ದೂರವಾಗಿದೆ. ಅದರಲ್ಲಿ ಬರುವ 'ಇತೊ ತೊಶಿ' ಎಂಬ ಹಳೆಯ ಮಾತಿಗೆ 'ಎಷ್ಟು ಬೇಗ ಕಳೆಯಿತು' ಎಂದು ಅರ್ಥ, ಆದರೆ ಇಂದಿನ ಮಗುವಿನ ಕಿವಿಗೆ ಅದು 'ಪ್ರಿಯವಾದದ್ದು' ಎಂಬ ಅರ್ಥದ 'ಇತೊಶಿ' ಎಂದೇ ಬೀಳುತ್ತದೆ. ಹಳಗನ್ನಡದ ಪದ್ಯವನ್ನು ಅರ್ಥ ತಿಳಿಯದೆ ಬಾಯಿಪಾಠ ಒಪ್ಪಿಸಿದಂತೆ ಮಕ್ಕಳು ಅದನ್ನು ಹಾಡಿ ಮುಗಿಸುತ್ತಾರೆ. ಬಾಳಿನಲ್ಲಿ ಮೇಲೇರಿ ಹೆಸರು ಗಳಿಸಿರಿ ಎನ್ನುವ ಎರಡನೆಯ ಚರಣವನ್ನು ಎಷ್ಟೋ ಕಡೆ ಕೈಬಿಡುತ್ತಾರೆ. ಸಭೆಯಲ್ಲಿ ಅಜ್ಜ ಅಜ್ಜಿಯರ ಕಣ್ಣು ತುಂಬುತ್ತದೆ, ಅದೂ ಬೆಲೆಯುಳ್ಳದ್ದೇ. ಆದರೆ ಪ್ರಶ್ನೆ ಇರುವುದು ಹದಿನೈದರ ಮಕ್ಕಳ ಬಗ್ಗೆ.

ಆ ಹಾಡಿನ ಸ್ಥಾನಕ್ಕೆ ಬಂದದ್ದು 'ತಬಿದಾಚಿ ನೊ ಹಿ ನಿ', ಅಂದರೆ 'ಪಯಣ ಹೊರಡುವ ದಿನ'. ಇದು ಹುಟ್ಟಿದ್ದು ಸೈತಾಮಾ ಪ್ರಾಂತ್ಯದ ಚಿಚಿಬು ಊರಿನ ಕಗೆಮೊರಿ ಮಾಧ್ಯಮಿಕ ಶಾಲೆಯಲ್ಲಿ, 1991ರಲ್ಲಿ. ಶಿಸ್ತು ಕೆಟ್ಟಿದ್ದ ಶಾಲೆಯನ್ನು ಹಾಡಿನಿಂದ ಸರಿದಾರಿಗೆ ತರಬೇಕೆಂದು ಹೊರಟಿದ್ದ ಮುಖ್ಯೋಪಾಧ್ಯಾಯ ಕೊಜಿಮಾ ನೊಬೊರು ಅವರನ್ನು, ಶಾಲೆ ಬಿಡುವ ಮಕ್ಕಳಿಗಾಗಿ ಒಂದು ಪದ್ಯ ಬರೆದುಕೊಡಿ ಎಂದು ಸಂಗೀತದ ಶಿಕ್ಷಕಿ ಕೇಳಿದರು. ತನಗೆ ಆ ಕಲೆ ಇಲ್ಲವೆಂದು ಅವರು ನಿರಾಕರಿಸಿದರಾದರೂ ಮರುದಿನ ಬೆಳಿಗ್ಗೆ ಶಿಕ್ಷಕಿಯ ಮೇಜಿನ ಮೇಲೆ ಪದ್ಯದ ಹಾಳೆ ಇತ್ತು. ರಾಗ ಕೂಡಿಸಿ ಶಿಕ್ಷಕರೆಲ್ಲ ಸೇರಿ ಮಕ್ಕಳೆದುರು ಹಾಡಿದರು. ಆ ಒಂದೇ ಸಲಕ್ಕೆಂದು ಮಾಡಿದ ಹಾಡದು, ಮುಖ್ಯೋಪಾಧ್ಯಾಯರೂ ಅದೇ ವಸಂತದಲ್ಲಿ ನಿವೃತ್ತರಾದರು. ಮುಂದಿನ ವರ್ಷಗಳಲ್ಲಿ ಹಾಡು ಶಾಲೆಯಿಂದ ಶಾಲೆಗೆ ಹಬ್ಬಿ ದೇಶವನ್ನೆಲ್ಲ ವ್ಯಾಪಿಸಿತು. ನನಗೆ ಇದರಲ್ಲಿ ಬಹಳ ಮುಖ್ಯವೆನಿಸುವುದು ಮಾತಿನ ದಿಕ್ಕು ಬದಲಾದದ್ದು: ಮಕ್ಕಳ ಬಾಯಲ್ಲಿ ದೊಡ್ಡವರು ಕೃತಜ್ಞತೆ ಹೇಳಿಸುವುದರ ಬದಲು, ದೊಡ್ಡವರೇ ಎದ್ದು ನಿಂತು ಮಕ್ಕಳಿಗೆ ಹೋಗಿ ಬನ್ನಿ ಎಂದರು. ಆಮೇಲೆ ಮಕ್ಕಳು ಅದನ್ನು ತಮ್ಮದೆಂದುಕೊಂಡು ಒಬ್ಬರಿಗೊಬ್ಬರು ಹಾಡಿಕೊಂಡರು.

ಎರಡನೆಯದಾಗಿ ಕಂಠವನ್ನು ನೋಡಬೇಕು. ಹದಿಮೂರರಿಂದ ಹದಿನೈದರ ನಡುವೆ ಹುಡುಗರ ದನಿ ಒಡೆಯುತ್ತದೆ. ಜನಪ್ರಿಯ ಗಾಯಕರ ಹಾಡುಗಳನ್ನು ಮೂಲ ಶ್ರುತಿಯಲ್ಲೇ ಹಾಡಿಸಿದರೆ ಅವರಿಗೆ ಎಟುಕುವುದಿಲ್ಲ. ನನ್ನ ಮಗನ ತರಗತಿಯಲ್ಲಿ ಹಿಂದಿನ ಸಾಲಿನ ಎತ್ತರದ ಹುಡುಗನೊಬ್ಬ ತಾರಸ್ಥಾಯಿಯ ಸಾಲು ಬಂದಾಗಲೆಲ್ಲ ತುಟಿ ಬಿಗಿದು ನೆಲ ನೋಡುತ್ತಿದ್ದುದನ್ನು ನಾನು ಮರೆತಿಲ್ಲ. ಆದ್ದರಿಂದ ಹುಡುಗಿಯರಿಗೆ ಎರಡು, ಹುಡುಗರಿಗೆ ಒಂದು ಎಂದು ಮೂರು ದನಿಗಳಿಗೆ ಹೊಂದಿಸಿದ ಸ್ವರಲಿಪಿ ಇರುವ ಹಾಡನ್ನೇ ಆರಿಸಿಕೊಳ್ಳಿ. ಎನ್‌ಎಚ್‌ಕೆ ಎಂಬ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ನಡೆಸುವ ಶಾಲಾ ಗಾಯನ ಸ್ಪರ್ಧೆಯ ಮಾಧ್ಯಮಿಕ ವಿಭಾಗಕ್ಕೆಂದೇ ಬಂದ ಎರಡು ಹಾಡುಗಳು, ಅಂಜೆಲಾ ಅಕಿ ಅವರ 2008ರ 'ತೆಗಾಮಿ' ಮತ್ತು ಇಕಿಮೊನೊ ಗಾಕಾರಿ ತಂಡದ 2009ರ 'ಯೆಲ್', ಈ ಕಾರಣದಿಂದಲೂ ಬಾಳಿಕೆ ಬಂದಿವೆ. 'ತೆಗಾಮಿ' ಎಂದರೆ ಪತ್ರ. ಹದಿಹರೆಯದಲ್ಲಿ ಮುಂದಿನ ತನಗೇ ಬರೆದುಕೊಂಡಿದ್ದ ಪತ್ರವನ್ನು ತಾಯಿ ಮಗಳ ಮೂವತ್ತನೆಯ ಹುಟ್ಟುಹಬ್ಬಕ್ಕೆ ಕಳಿಸಿಕೊಟ್ಟ ಪ್ರಸಂಗದಿಂದ ಅಕಿ ಅದನ್ನು ಕಟ್ಟಿದರು. ಅಲ್ಲಿ ಹದಿನೈದರ ಮಗು ತನ್ನ ಅಳಲನ್ನು ಮುಚ್ಚಿಡದೆ ಹೇಳುತ್ತದೆ, ಉತ್ತರ ಕೊಡುವವರೂ ದೊಡ್ಡವರಾದ ಅದೇ ಮಗು. ಮಾಧ್ಯಮಿಕ ಶಾಲೆಗೆ ಒಂದೇ ಹಾಡು ಹೇಳಿ ಎಂದರೆ ನಾನು ಹೇಳುವುದು ಇದನ್ನೇ.

ನಾನು ತಪ್ಪಿದ್ದು ಮಗಳ ಪ್ರೌಢಶಾಲೆಯಲ್ಲಿ. ಸಮಾರಂಭದ ನಂತರ ಶಿಕ್ಷಕರಿಗೆ ಕೃತಜ್ಞತೆ ಹೇಳುವ ಕೂಟದಲ್ಲಿ ಮಕ್ಕಳ ಮೂರು ವರ್ಷದ ಚಿತ್ರಗಳನ್ನು ತೋರಿಸುವಾಗ ಹಿನ್ನೆಲೆಗೆ ಯಾವ ಹಾಡು ಎಂದು ಸಮಿತಿಯಲ್ಲಿ ಚರ್ಚೆಯಾಯಿತು. ನಾವು ತಾಯಂದಿರು ನಮ್ಮ ವಯಸ್ಸಿನವರಿಗೆ ಪ್ರಿಯವಾದ ಹಳೆಯ ಹಾಡನ್ನು ಆರಿಸಿದೆವು. ಮಕ್ಕಳು ಮರ್ಯಾದೆಯಿಂದ, ಸುಮ್ಮನೆ ನೋಡಿದರು. ಕೊನೆಯಲ್ಲಿ ಸಮಯ ಉಳಿದಾಗ ಒಬ್ಬ ಹುಡುಗ ತನ್ನ ಫೋನಿನಿಂದ ರಾಡ್‌ವಿಂಪ್ಸ್ ತಂಡದ 'ಸೇಕಾಯ್' ಹಾಕಿದ. ಮೊದಲ ಸಾಲು ಮುಗಿಯುವುದರೊಳಗೆ ಇಡೀ ಕೋಣೆ ಹಾಡುತ್ತಿತ್ತು. 'ಸೇಕಾಯ್' ಎಂದರೆ ಸರಿಯುತ್ತರ. 2018ರಲ್ಲಿ ಎನ್‌ಎಚ್‌ಕೆ ಕಾರ್ಯಕ್ರಮವೊಂದರಲ್ಲಿ ಹದಿನೆಂಟರ ಸುಮಾರು 1,000 ಯುವಜನರ ಜತೆ ಹಾಡಲೆಂದು ಬರೆದ ಹಾಡದು. ಅಂಕಗಳಿಗಾಗಿ ಹನ್ನೆರಡು ವರ್ಷ ಉತ್ತರ ಬರೆದ ಮಕ್ಕಳು, ಬೇರೆ ಯಾರೂ ತಿದ್ದಲಾಗದ ಪ್ರಶ್ನೆಗಳ ಕಡೆಗೆ ನಡೆಯುವುದನ್ನು ಅದು ಹೇಳುತ್ತದೆ. ಪರೀಕ್ಷೆಯ ಭಾಷೆ ಅವರ ದಿನನಿತ್ಯದ ಭಾಷೆ, ಅದಕ್ಕೇ ಅದು ಅವರನ್ನು ತಟ್ಟಿತು.

ಚೆರ್ರಿ ಹೂವಿನ ಹಾಡುಗಳ ಬಗ್ಗೆಯೂ ಕೇಳುತ್ತಾರೆ. ಟೋಕಿಯೋ ಸುತ್ತಮುತ್ತ ಆ ಹೂ ಅರಳುವುದು ಸಾಮಾನ್ಯವಾಗಿ ಮಾರ್ಚ್ ಕೊನೆಗೆ, ಸಮಾರಂಭ ಮುಗಿದ ಮೇಲೆ. ಉತ್ತರ ತುದಿಯ ಹೊಕ್ಕೈದೊದಲ್ಲಂತೂ ಇನ್ನೂ ಒಂದು ತಿಂಗಳು ತಡ. ಹೂವಿದ್ದರೆ ಸಾಕು ಬೀಳ್ಕೊಡುಗೆಗೆ ಹೊಂದುತ್ತದೆ ಎಂದು ಆರಿಸಬೇಡಿ. ರೆಮಿಯೊರೊಮೆನ್ ತಂಡದ 'ಮಾರ್ಚ್ 9' ಎಂಬ ಹಾಡು ಮೂಲತಃ ಗೆಳೆಯನ ಮದುವೆಗೆ ಬರೆದದ್ದು, ಆದರೂ ಜತೆಗಿದ್ದವರ ಬಗೆಗಿನ ಅದರ ಮಾತು ಮಕ್ಕಳಿಗೆ ತಮ್ಮದೇ ಎನಿಸುತ್ತದೆ.

ಒಂದು ಹಾಡಿನ ವಿಷಯದಲ್ಲಿ ಮಾತ್ರ ನಾನು ಎಚ್ಚರಿಕೆ ಹೇಳುತ್ತೇನೆ. 'ಗುಂಜೋ', ಎಂದರೆ ಕಡುನೀಲಿ, ಫುಕುಶಿಮಾ ಪ್ರಾಂತ್ಯದ ಮಿನಾಮಿಸೋಮಾ ನಗರದ ಒದಾಕಾ ಮಾಧ್ಯಮಿಕ ಶಾಲೆಯದು. 2011ರ ಸುನಾಮಿ ಆ ತರಗತಿಯ ಇಬ್ಬರನ್ನು ಕೊಂಡೊಯ್ಯಿತು, ಅಣುಸ್ಥಾವರದ ದುರಂತ ಉಳಿದವರನ್ನು ದೇಶದ ಮೂಲೆಮೂಲೆಗೆ ಚದುರಿಸಿತು. ಗೆಳೆಯರು ಎಲ್ಲೆಲ್ಲಿದ್ದಾರೆಂದು ನಕ್ಷೆಯ ಮೇಲೆ ಅವರ ಚಿತ್ರಗಳನ್ನು ಅಂಟಿಸುತ್ತ ಮಕ್ಕಳು ಆಡಿದ ಮಾತುಗಳನ್ನು ಸಂಗೀತ ಶಿಕ್ಷಕಿ ಒದಾ ಮಿಕಿ ಕೂಡಿಸಿ ರಾಗ ಹಾಕಿದರು, 2013ರ ಬೀಳ್ಕೊಡುಗೆಯಲ್ಲಿ ಆ ಮಕ್ಕಳು ಹಾಡಿದರು. ಕೇಳಿದವರಿಗೆ ಕಣ್ಣೀರು ಬರುತ್ತದೆಂಬ ಕಾರಣಕ್ಕೆ ಇದನ್ನು ಆರಿಸುವುದು ನನಗೆ ಒಪ್ಪಿಗೆಯಿಲ್ಲ. ಆರಿಸುವುದಾದರೆ ಆ ತರಗತಿಯ ಕತೆಯನ್ನು ಮಕ್ಕಳಿಗೆ ಮೊದಲು ಹೇಳಿ, ಯಾರಿಗಾಗಿ ಹಾಡುತ್ತಿದ್ದೇವೆಂದು ಅವರಿಗೆ ಗೊತ್ತಿರಲಿ.

ಈ ವರ್ಷ ಕರೆ ಮಾಡಿದ ತಾಯಿಗೂ ಇದನ್ನೆಲ್ಲ ಹೇಳಿ, ಮೂರು ನಾಲ್ಕು ಹಾಡುಗಳನ್ನು ಮಗನಿಗೆ ಕೇಳಿಸಿ, ಅವನು ಯಾವುದನ್ನು ಸ್ನಾನ ಮಾಡುವಾಗ ತನಗೇ ಗೊತ್ತಿಲ್ಲದೆ ಗುನುಗುತ್ತಾನೋ ಒಂದು ವಾರ ಗಮನಿಸಿ ಎಂದೆ. ಐದನೆಯ ದಿನಕ್ಕೆ ಅವರ ಸಂದೇಶ ಬಂತು, 'ತೆಗಾಮಿ' ಎಂದು.