ಕಪ್ಪತಗುಡ್ಡದ ಬುಡದಲ್ಲಿ ಗರಸಿನ ಹಾದಿ

ಗದಗಿನಿಂದ ಡಂಬಳದ ಮೇಲೆ ಡೋಣಿಗೆ ಒಳ್ಳೆ ಡಾಂಬರು ರಸ್ತೆ ಇದೆ. ಸೈಕಲ್ ಮೇಲೆ ಆರಾಮಾಗಿ ಹೋಗಿ ಬರಬಹುದು. ಆವತ್ತು ನಾನೂ ನನ್ನ ಗೆಳೆಯನೂ ಆ ರಸ್ತೆಯನ್ನು ಆದಷ್ಟು ತಪ್ಪಿಸಿ, ಹೊಲದ ದಾರಿ, ಗರಸಿನ (ಕಲ್ಲುಚೂರು ಬೆರೆತ ಮಣ್ಣಿನ) ದಾರಿ ಹಿಡಿದು ಹಳೆ ಚಿನ್ನದ ಗಣಿಗಳ ಸೀಮೆ ನೋಡಿ ಬರಬೇಕು ಅಂತ ಹೊರಟೆವು. ಕಪ್ಪತಗುಡ್ಡದ ಕಡೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಮೊದಲೇ ತೆಗೆದುಕೊಂಡಿದ್ದೆವು. ಡಿಸೆಂಬರ್ ತಿಂಗಳು. ಬಿಳಿಜೋಳ ಎದೆ ಮಟ್ಟ ಬೆಳೆದಿತ್ತು, ನಡುನಡುವೆ ಕುಸುಬಿ, ಕಡಲೆ.

ತಿಂಗಳು ಹೇಳಿದ್ದಕ್ಕೆ ಕಾರಣ ಇದೆ. ನಮ್ಮ ಕಡೆ ಗ್ರಾವೆಲ್ ಸೈಕಲ್, ಅಂದರೆ ಕಚ್ಚಾ ದಾರಿಗೆ ಅಂತಲೇ ಇರುವ ಸೈಕಲ್, ಹೊಡೆಯೋರಿಗೆ ಮಳೆಗಾಲದಲ್ಲಿ ಎರಿ ಮಣ್ಣೇ ಯಜಮಾನ. ಒಂದು ಹದ ಮಳೆ ಬಿದ್ದರೆ ಸಾಕು, ಕಪ್ಪು ಮಣ್ಣು ಟೈರಿಗೆ ಮೆತ್ತಿಕೊಂಡು ಗಾಲಿ ಹಿಡಿದಿರುವ ಫೋರ್ಕಿನ ಸಂದಿ ತುಂಬಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಆಮೇಲೆ ಸೈಕಲ್ ಹೆಗಲ ಮೇಲೆ. ಅದೇ ಮಣ್ಣು ಒಣಗಿ, ಬಂಡಿ ಓಡಾಡಿ ಗಟ್ಟಿಯಾದ ಮೇಲೆ ಅಂಥ ಹಾದಿ ಎಲ್ಲೂ ಸಿಗಲ್ಲ. ನುಣುಪು, ವೇಗ. ಗುಡ್ಡದ ಕಡೆ ಹೋದಂತೆ ಮಣ್ಣು ಕೆಂಪಾಗುತ್ತದೆ. ಮಸಾರಿ ನೆಲ ಶುರುವಾದರೆ ಮಳೆಯಾದ ಮರುದಿನವೂ ಓಡಿಸಬಹುದು, ಆದರೆ ಕಲ್ಲು ಜಾಸ್ತಿ. ನನ್ನ ಸೈಕಲ್ಲಿಗೆ 40 ಮಿಲಿಮೀಟರ್ ದಪ್ಪದ, ಟ್ಯೂಬ್ ಇಲ್ಲದ ಟೈರು. ಒಳಗೆ ಬಿಳಿ ಸೀಲಂಟ್ ಇರುತ್ತದೆ, ಮುಳ್ಳು ಚುಚ್ಚಿದ ತೂತನ್ನು ಅದೇ ಮುಚ್ಚುತ್ತದೆ. ಜಾಲಿ ಮುಳ್ಳಿನ ನಾಡಿಗೆ ಇದು ಬೇಕೇಬೇಕು.

ಬೆಟಗೇರಿ ದಾಟುವಾಗ ಹತ್ತಿಯ ಕಾಲದ ಗುರುತು ಇನ್ನೂ ಕಾಣುತ್ತದೆ. ಗದಗ ಅಂದರೆ ಹತ್ತಿ ಪೇಟೆ ಅನ್ನುವ ಕಾಲ ಒಂದಿತ್ತು. 1880ರ ದಶಕದಲ್ಲಿ ರೈಲು ಬಂದದ್ದೇ ಸುತ್ತಲಿನ ಹಳ್ಳಿಗಳ ಬಂಡಿಗಳೆಲ್ಲ ಇತ್ತ ಮುಖ ಮಾಡಿದವು. ಎರಿ ಹೊಲಗಳ ನಡುವೆ ಇವತ್ತಿಗೂ ಅಗಲವಾಗಿ, ನೇರವಾಗಿ ಊರಿಂದ ಊರಿಗೆ ಹೋಗುವ ಬಂಡಿ ದಾರಿಗಳಿವೆ. ಎತ್ತುಗಳಿಗೆ ಏರು ಕಷ್ಟ, ಅದಕ್ಕೇ ಈ ದಾರಿಗಳು ದಿಬ್ಬ ಬಂದ ಕಡೆ ಬಳಸಿಕೊಂಡು ಹೋಗುತ್ತವೆ. ಸೈಕಲ್ ಮೇಲೆ ಕೂತಾಗಲೇ ಇದು ಕಾಲಿಗೆ ತಿಳಿಯುವುದು. ಯಾವ ಹೊರೆಗೆ ಹುಟ್ಟಿದ ದಾರಿ ಇದು ಅಂತ ಕೇಳುತ್ತಾ ಹೋಗುವುದು ನನಗೆ ಆವತ್ತಿನಿಂದಲೇ ಅಭ್ಯಾಸವಾಯಿತು.

ಡಂಬಳದಲ್ಲಿ ಚಹಾ, ಮಿರ್ಚಿ. ದೊಡ್ಡಬಸಪ್ಪನ ಗುಡಿಗೆ ಒಂದು ಸುತ್ತು. 24 ಮೂಲೆಗಳ ನಕ್ಷತ್ರದ ಹಾಗೆ ಕಟ್ಟಿದ ಚಾಲುಕ್ಯರ ಕಾಲದ ಗುಡಿ ಅದು. ಎಷ್ಟು ಸಲ ನೋಡಿದರೂ ಕಡಿಮೆಯೇ, ಆದರೆ ಬಿಸಿಲು ಏರುತ್ತಿತ್ತು.

ಡೋಣಿ ಕಡೆ ಹೋದಂತೆ ಗಾಳಿಯಂತ್ರಗಳ ರಸ್ತೆ ಸಿಗುತ್ತದೆ. ಇದರ ಬಗ್ಗೆ ಸ್ವಲ್ಪ ಹೇಳಲೇಬೇಕು. ಗಾಳಿಯಂತ್ರದ ರೆಕ್ಕೆ ಒಂದೇ ತುಂಡಾಗಿ ಬರುತ್ತದೆ. ಅದನ್ನು ಹೊತ್ತ ಉದ್ದನೆಯ ಟ್ರೇಲರ್ ಗುಡ್ಡ ಹತ್ತಬೇಕು ಅಂದರೆ ರಸ್ತೆ ಕಡಿದಾಗಿರಬಾರದು, ತಿರುವು ಇಕ್ಕಟ್ಟಾಗಿರಬಾರದು. ಹಾಗಾಗಿ ಗುಡ್ಡ ಕಡಿದು, ಗರಸು ಹಾಕಿ, ರೋಲರ್ ಹೊಡೆದು, ತಿರುವುಗಳನ್ನು ಅಗಲ ಮಾಡಿರುತ್ತಾರೆ. ಸೈಕಲ್ ಹತ್ತಿಸೋರಿಗೆ ಇದಕ್ಕಿಂತ ಒಳ್ಳೆ ಏರು ಬೇಕಾ? ಏಕಸಮ ಏರು, ಎಲ್ಲೂ ಉಸಿರು ಕಟ್ಟಿಸಲ್ಲ. ಕೆಳಗಿನ ಗೇರಿಗೆ ಹಾಕಿಕೊಂಡು ಕೂತರೆ ಒಂದೇ ಲಯದಲ್ಲಿ ಮೇಲೆ ಬರಬಹುದು. ಟೈರಿನ ಕೆಳಗೆ ಗರಸು ಕರಕರ ಅನ್ನುತ್ತದೆ, ತಲೆ ಮೇಲೆ ರೆಕ್ಕೆ ಸುಯ್ಯೆನ್ನುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಇದೇ ರಸ್ತೆಯಲ್ಲಿ ಎದುರುಗಾಳಿ ಸೈಕಲ್ಲನ್ನೇ ನಿಲ್ಲಿಸಿಬಿಡುತ್ತದೆ. ಯಂತ್ರಗಳು ಇಲ್ಲಿಗೆ ಬಂದದ್ದೇ ಆ ಗಾಳಿಗೆ ತಾನೇ.

ಆದರೂ ಆ ರಸ್ತೆ ಹತ್ತುವಾಗ ನನಗೆ ಪೂರ್ತಿ ಖುಷಿ ಆಗಲಿಲ್ಲ. ಪಕ್ಕದಲ್ಲಿ ಕಡಿದ ಗುಡ್ಡದ ಗಾಯ ಕಾಣುತ್ತದೆ. ಮಳೆಗಾಲದಲ್ಲಿ ಮಣ್ಣು ಅಲ್ಲಿಂದ ಹರಿದು ಹಳ್ಳ ಸೇರುತ್ತದೆ. ಹಗುರಾದ ಸೈಕಲ್ಲಿಗೆ ಸಿಕ್ಕ ಈ ಸುಖಕ್ಕೆ ಗುಡ್ಡ ಬೆಲೆ ಕೊಟ್ಟಿದೆ.

ಅತ್ತಿಕಟ್ಟಿ ಕಡೆಗೆ ತಿರುಗಿದ ಮೇಲೆ ದಾರಿ ಬದಲಾಯಿತು. ಕಿರಿದು, ಕಲ್ಲು, ಎರಡೂ ಕಡೆ ಜಾಲಿ. ಅತ್ತಿಕಟ್ಟಿ, ಹೊಸೂರು, ಕಬಲಾಯತಕಟ್ಟಿ ಈ ಸಾಲಿನಲ್ಲೇ ಹಳೆ ಗಣಿಗಳು ಇದ್ದದ್ದು. ಸಾಂಗ್ಲಿ ಗಣಿ ಅಂತ ಒಂದಿದೆ. ಆಗ ಶಿರಹಟ್ಟಿ ಸೀಮೆ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. ಗಣಿ ಕಂಪನಿಗಳು ಬರುವುದಕ್ಕೂ ಮೊದಲೇ ಇಲ್ಲಿ ಜಲಗಾರರು ಇದ್ದರು. ಮಳೆ ಬಂದು ಹಳ್ಳ ಇಳಿದ ಮೇಲೆ ಮರಳು ತೊಳೆದು ಚಿನ್ನದ ಕಣ ಹೆಕ್ಕುವುದೇ ಅವರ ಕಸುಬು. ಸೊರಟೂರಿನ ಹಳ್ಳ ಅದಕ್ಕೆ ಹೆಸರಾಗಿತ್ತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಗುಡ್ಡಗಳನ್ನು ಸುತ್ತಿ, ಡಂಬಳದ ಗುಡ್ಡಗಳ ಚಿನ್ನದ ಬಂಡೆಗಳ ಬಗ್ಗೆ 1874ರಲ್ಲಿ ವರದಿ ಪ್ರಕಟಿಸಿದರು. ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಧಾರವಾಡದ ಹೆಸರು ಬರುವುದೂ ಅವರಿಂದಲೇ, 250 ಕೋಟಿ ವರ್ಷಕ್ಕೂ ಹಳೆಯ ಈ ಶಿಲೆಗಳಿಗೆ ಅವರು ಆ ಹೆಸರಿಟ್ಟರು. 20ನೇ ಶತಮಾನ ಶುರುವಾಗುವ ಹೊತ್ತಿಗೆ ಬ್ರಿಟಿಷ್ ಕಂಪನಿಗಳು ಬಂದು ಆಳದ ಬಾವಿ ತೋಡಿದವು. ಕೆಲವೇ ವರ್ಷ ನಡೆಸಿ ಬಿಟ್ಟು ಹೋದವು.

ದಾರಿ ಬದಿಗೆ ಸೈಕಲ್ ಒರಗಿಸಿ ಒಂದು ಕಲ್ಲು ಎತ್ತಿಕೊಂಡೆ. ಮುಷ್ಟಿಯಷ್ಟು ಬೆಣಚುಕಲ್ಲು. ಮೂರು ಕಡೆ ಮಾಸಿದ ಬಿಳಿ, ಒಂದು ಕಡೆ ಮಾತ್ರ ತುಕ್ಕಿನ ಬಣ್ಣದ ಗೆರೆ. ಆ ಗೆರೆಯಲ್ಲಿ ಸಣ್ಣ ಸಣ್ಣ ಚೌಕದ ತೂತುಗಳು. ಒಂದು ಕಾಲಕ್ಕೆ ಅಲ್ಲಿ ಗಂಧಕದ ಖನಿಜ ಇತ್ತು, ಗಾಳಿ ನೀರಿಗೆ ಕರಗಿ ತುಕ್ಕಾಗಿ ಅದರ ಜಾಗ ಅಷ್ಟೇ ಉಳಿದಿದೆ. ಚಿನ್ನ ಹುಡುಕೋರು ನೋಡುತ್ತಿದ್ದದ್ದು ಇಂಥ ಗೆರೆಯನ್ನೇ. ಇಲ್ಲಿನ ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಇರುವ ಖನಿಜವೂ ಬರುತ್ತದೆ. ಆದ್ದರಿಂದ ಗಣಿಯ ಪುಡಿ ಮಣ್ಣಿನ ಗುಡ್ಡೆ ಕಂಡರೆ ಅದರ ಮೇಲೆ ಸೈಕಲ್ ಹತ್ತಿಸಬೇಡಿ, ಆ ದೂಳು ಕುಡಿಯಬೇಡಿ, ಅಲ್ಲಿ ನಿಂತ ನೀರು ಮುಟ್ಟಬೇಡಿ. ಕಲ್ಲನ್ನು ಇದ್ದಲ್ಲೇ ಇಟ್ಟು ಕೈ ತೊಳೆದುಕೊಂಡೆ.

ಸ್ವಲ್ಪ ಮುಂದೆ ಆಡು ಕಾಯುತ್ತಿದ್ದ ತಾಂಡಾದ ಹೆಣ್ಣುಮಗಳೊಬ್ಬಳು ಕೋಲು ಎತ್ತಿ ನಮ್ಮನ್ನು ನಿಲ್ಲಿಸಿದಳು.

“ಅತ್ತಾಗ ಹೋಗಬ್ಯಾಡ್ರಿ. ತಗ್ಗು ಅದಾವು. ಕಂಟಿ ಬೆಳದು ಕಾಣಂಗಿಲ್ಲ. ಆಡು ಬಿದ್ದು ಸತ್ತಾವು.”

ಅವಳು ತೋರಿಸಿದ ಕಡೆ ದೂರದಿಂದಲೇ ನೋಡಿದೆವು. ಸುಮ್ನೆ ಪೊದೆ ಅಂತ ಅನಿಸುವ ಜಾಗ. ಗೆಳೆಯ ಒಂದು ಕಲ್ಲು ಎಸೆದ. ಪೊದೆಯೊಳಗೆ ಬಿದ್ದ ಸದ್ದು ಬಂತು, ಆಮೇಲೆ ಎಣಿಸುವಷ್ಟು ಹೊತ್ತು ಬಿಟ್ಟು ಕೆಳಗಿನಿಂದ ಇನ್ನೊಂದು ಸದ್ದು. ನನಗೆ ಮೈ ಜುಂ ಅಂದಿತು. ನೂರು ವರ್ಷದ ಹಿಂದೆ ತೋಡಿದವರು ಚಿನ್ನ ತೆಗೆದುಕೊಂಡು ಹೋದರು, ಬಾವಿ ಮಾತ್ರ ಆಡು ಕಾಯುವವರ ಪಾಲಿಗೆ ಉಳಿಯಿತು. ಇಂಥ ಬಾಯಿಗಳಿಗೆ ಬೇಲಿ ಹಾಕುವುದು ದೊಡ್ಡ ಕೆಲಸವೇನಲ್ಲ. ಪ್ರವಾಸಿಗರನ್ನು ಕರೆಯುವ ಮಾತು ಆಡುವ ಮೊದಲು ಆಗಬೇಕಾದ ಕೆಲಸ ಇದು.

“ಎಪ್ಪತ್ತು ಗಿರಿ ನೋಡೋದಕ್ಕಿಂತ ಕಪ್ಪತಗಿರಿ ನೋಡು” ಅಂತ ನಮ್ಮ ಹಿರಿಯರು ಹೇಳುತ್ತಾರೆ. ಈ ಗುಡ್ಡವನ್ನು ಉಳಿಸಿಕೊಳ್ಳಲು ಗದಗಿನ ಜನ ಬೀದಿಗಿಳಿದದ್ದನ್ನು ನಾನೇ ನೋಡಿದ್ದೇನೆ. 2011ರಲ್ಲಿ ಹಳ್ಳಿಗುಡಿ ಭಾಗದಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಯ ಭೂಸ್ವಾಧೀನ ನಿಂತದ್ದು ರೈತರು ಮತ್ತು ಗದಗಿನ ತೋಂಟದಾರ್ಯ ಮಠದ ತೋಂಟದ ಸಿದ್ಧಲಿಂಗ ಸ್ವಾಮೀಜಿ ಒಟ್ಟಾಗಿ ನಿಂತಿದ್ದರಿಂದ. ಗುಡ್ಡವನ್ನು ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ ಆದೇಶವನ್ನು ಸರ್ಕಾರ 2016ರಲ್ಲಿ ವಾಪಸ್ ಪಡೆದಾಗ ಮತ್ತೆ ಹೋರಾಟ ನಡೆಯಿತು, 2017ರಲ್ಲಿ ಆ ಸ್ಥಾನ ಮರಳಿ ಸಿಕ್ಕಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿ ಧಾಮವಾಯಿತು. ಕತ್ತೆಕಿರುಬ, ತೋಳ ಇರುವ ಕಾಡು ಇದು. ಅಪರೂಪದ ಔಷಧಿ ಗಿಡಗಳ ಗುಡ್ಡ. ಸೈಕಲ್ಲಿಗೆ ಹೊಗೆಯಿಲ್ಲ, ಸದ್ದಿಲ್ಲ ನಿಜ. ಆದರೂ ಕಾಲುದಾರಿ ಬಿಟ್ಟು ಹುಲ್ಲಿನ ಮೇಲೆ ನಾಲ್ಕು ಸಲ ಓಡಿಸಿದರೆ ಅಲ್ಲೊಂದು ಹೊಸ ದಾರಿ ಹುಟ್ಟುತ್ತದೆ, ಮಳೆನೀರು ಅದನ್ನೇ ಕೊರಕಲು ಮಾಡುತ್ತದೆ.

ವಾಪಸ್ ಬರುವಾಗ ನಮ್ಮಿಬ್ಬರಿಗೂ ಇದರ ಮೇಲೇ ವಾದ. ಇಡೀ ದಿನದ ದಾರಿ ಜಿಪಿಎಸ್‌ನಲ್ಲಿ ದಾಖಲಾಗಿತ್ತು. ಅದನ್ನು ಸೈಕಲ್ ಹೊಡೆಯೋರು ತಮ್ಮ ದಾರಿ ಹಂಚಿಕೊಳ್ಳುವ ಸ್ಟ್ರಾವಾ ಆ್ಯಪ್‌ನಲ್ಲಿ ಎಲ್ಲರಿಗೂ ಕಾಣುವಂತೆ ಹಾಕೋಣ, ಗದಗಿನಲ್ಲಿ ಇಷ್ಟು ಜನ ಸೈಕಲ್ ಹುಡುಗರಿದ್ದಾರೆ, 2022ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ಪೇ ಇಲ್ಲಿ ನಡೆದಿದೆ, ಅವರಿಗೆಲ್ಲ ಉಪಯೋಗ ಆಗುತ್ತದೆ ಅಂತ ಗೆಳೆಯ. ಗಣಿ ಬಾವಿಗಳ ಹತ್ತಿರದ ತುಂಡು ಬೇಡ, ಅದನ್ನು ನೋಡಿಕೊಂಡು ಯಾರಾದರೂ ಕತ್ತಲಲ್ಲಿ ಹೋದರೆ ಏನು ಗತಿ ಅಂತ ನಾನು. ಡಂಬಳದವರೆಗೂ ಇದೇ ಮಾತು ನಡೆಯಿತು. ಕೊನೆಗೆ ಅವನೇ ಒಪ್ಪಿದ. ಬೆಟಗೇರಿಯ ಬಂಡಿ ದಾರಿ, ಡಂಬಳ, ಡೋಣಿವರೆಗಿನ ಗರಸಿನ ದಾರಿ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿ ಹಾಕಿದೆವು. ಗುಡ್ಡಕ್ಕೆ ಹೋಗೋದಿದ್ದರೆ ಅರಣ್ಯ ಇಲಾಖೆಯನ್ನು ಮೊದಲು ಕೇಳಿ, ತಾಂಡಾದ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ ಅಂತ ಅದರ ಕೆಳಗೆ ಬರೆದೆವು.